ಇಂಜಿನು ಕೇಸು ಮತ್ತೆ ಜೋಡಿಸುವಾಗ ಯಾವ ಸೀಲಂಟು?

ಕಳೆದ ಬೇಸಿಗೆಯಲ್ಲಿ ದ್ರಾಕ್ಷಿ ತೋಟಗಳನ್ನು ನೋಡಲೆಂದು ನಾವು ಕೆಲವು ಮಂದಿ ಬೆಳೆಗಾರರು ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರಗಳ ಕಡೆಗೆ ಹೋಗಿದ್ದೆವು. ಊರಿಗೆ ಮರಳುವ ದಿನ ವಿಜಯಪುರ ನಗರದಲ್ಲಿ ಗೋಳಗುಮ್ಮಟ ನೋಡಿಕೊಂಡು, ಹತ್ತಿರದ ಒಂದು ಮೋಟಾರು ಸೈಕಲು ರಿಪೇರಿ ಅಂಗಡಿಯ ನೆರಳಿನಲ್ಲಿ ನಿಂತೆವು. ಅಲ್ಲಿ ಹಳೆಯ ಯೆಜ್ಡಿಯೊಂದರ ಇಂಜಿನನ್ನು ಬಿಚ್ಚಲು ಸಿದ್ಧತೆ ನಡೆದಿತ್ತು. ಕೇಸಿನ ಎರಡು ಹೋಳು ಕೂಡುವ ಗೆರೆಯ ಉದ್ದಕ್ಕೂ ಎರೆಮಣ್ಣಿನ ಧೂಳು ಕಪ್ಪು ದಾರದಂತೆ ಅಂಟಿಕೊಂಡಿತ್ತು. ಮೇಸ್ತ್ರಿ ಅದನ್ನು ಬೆರಳಿನಿಂದ ತೋರಿಸಿ, “ಧೂಳು ಸುಳ್ಳು ಹೇಳೂದಿಲ್ರೀ” ಎಂದರು. ಎಣ್ಣೆ ಒಸರುವಲ್ಲಿ ಮಾತ್ರ ಧೂಳು ಅಂಟುತ್ತದೆ. ಆ ಗೆರೆಯೇ ರೋಗದ ಗುರುತು.

ನಮ್ಮ ಮಲೆನಾಡಿನಲ್ಲಿ ಇದೇ ಒಸರು ಮಳೆನೀರಿನಲ್ಲಿ ತೊಳೆದು ಹೋಗಿ ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಬಿದ್ದ ಮೇಲೆ ನಾವು ಮಾಡುವುದೇನು? ಅಂಗಡಿಗೆ ಹೋಗಿ “ಒಂದು ಟ್ಯೂಬು ಕೊಡಿ” ಎನ್ನುತ್ತೇವೆ. ಯಾವ ಟ್ಯೂಬು ಎಂದು ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಈ ಪಾಠ ಅದರ ಕುರಿತಾಗಿದೆ.

೧. ಸೀಲಂಟಿನ ಕೆಲಸವೇನು?

ಸೀಲಂಟು ಕೇಸಿನ ಹೋಳುಗಳನ್ನು ಹಿಡಿದಿಡುತ್ತದೆ ಎಂಬುದು ತಪ್ಪು ಕಲ್ಪನೆ. ಹಿಡಿದಿಡುವುದು ಬೋಲ್ಟು. ಒಸರನ್ನು ತಡೆಯುವುದರಲ್ಲಿ ಮುಕ್ಕಾಲು ಪಾಲು ಶುಚಿಯಾದ ಸಮತಟ್ಟಾದ ಲೋಹದ್ದೇ. ಲೋಹದ ಮುಖದಲ್ಲಿ ಉಳಿಯುವ ಕೂದಲೆಳೆಯಂಥ ಗೀರುಗಳನ್ನು ತುಂಬುವುದಷ್ಟೇ ಸೀಲಂಟಿನ ಪಾಲು. ಗೋಳಗುಮ್ಮಟದ ಗೋಪುರದಲ್ಲಿ ಇಟ್ಟಿಗೆಯ ನಡುವೆ ಗಾರೆಯನ್ನು ದಪ್ಪವಾಗಿ ಹಾಕಿದ್ದಾರೆ. ಅಲ್ಲಿ ಗಾರೆಯೂ ಭಾರ ಹೊರುತ್ತದೆ. ಇಂಜಿನಿನಲ್ಲಿ ಹಾಗಲ್ಲ. ಇಲ್ಲಿ ದಪ್ಪವಾದಷ್ಟೂ ಕೇಡು.

೨. ಮೊದಲು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಮೊದಲನೆಯದು: ಬಿಚ್ಚಿದಾಗ ಅಲ್ಲಿ ಕಾಗದದ ಗ್ಯಾಸ್ಕೆಟ್ಟು ಇತ್ತೇ? ಕೆಲವು ಇಂಜಿನುಗಳ ನಡುಗೂಡಿಕೆಯಲ್ಲಿ ಗ್ಯಾಸ್ಕೆಟ್ಟು ಇರುತ್ತದೆ. ಬುಲೆಟ್ಟಿನಲ್ಲಾಗಲಿ, ೧೯೮೫ರಲ್ಲಿ ಬಂದ ಆರ್‌ಎಕ್ಸ್ ೧೦೦ರಲ್ಲಾಗಲಿ ಲೋಹಕ್ಕೆ ಲೋಹವೇ ಕೂಡುತ್ತದೆ, ನಡುವೆ ಸೀಲಂಟು ಮಾತ್ರ. ಇಲ್ಲದ ಕಡೆ ಗ್ಯಾಸ್ಕೆಟ್ಟು ಸೇರಿಸಿದರೆ ಕ್ರ್ಯಾಂಕಿಗೆ ಅಡ್ಡ ಸಡಿಲ ಹೆಚ್ಚುತ್ತದೆ. ಇದ್ದ ಕಡೆ ಬಿಟ್ಟು ಬರೀ ಸೀಲಂಟು ಹಚ್ಚಿದರೆ ಬೇರಿಂಗಿನ ಮೇಲೆ ಬಿಗಿ ಬೀಳುತ್ತದೆ. ಆದಕಾರಣ ಕಾರ್ಖಾನೆಯವರು ಇಟ್ಟಿದ್ದನ್ನೇ, ಅದೇ ದಪ್ಪದಲ್ಲಿ ಇಡತಕ್ಕದ್ದು.

ಎರಡನೆಯದು: ಆ ಕೂಡಿಕೆಗೆ ತಾಗುವುದು ಎಣ್ಣೆ ಮಾತ್ರವೋ, ಪೆಟ್ರೋಲೂ ತಾಗುತ್ತದೆಯೋ? ನಾಲ್ಕು ಸ್ಟ್ರೋಕಿನ ಇಂಜಿನಿನಲ್ಲಿ ಕೇಸಿನೊಳಗೆ ಇರುವುದು ಎಣ್ಣೆ. ಎರಡು ಸ್ಟ್ರೋಕಿನಲ್ಲಿ ಪೆಟ್ರೋಲು ಮತ್ತು ಎಣ್ಣೆಯ ಮಿಶ್ರಣ ಕ್ರ್ಯಾಂಕು ಗೂಡಿನ ಮೂಲಕವೇ ಸಿಲಿಂಡರಿಗೆ ಹೋಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ೧೯೯೬ರ ವರೆಗೆ ತಯಾರಾದ ಜಾವಾ, ಯೆಜ್ಡಿಗಳು ಇದೇ ಜಾತಿಯವು. ನಮ್ಮ ತೋಟದ ಅನೇಕ ಸ್ಪ್ರೇಯರು ಮತ್ತು ಕಳೆ ಕತ್ತರಿಸುವ ಯಂತ್ರಗಳೂ ಅಷ್ಟೇ. ಇವುಗಳಲ್ಲಿ ಕೂಡಿಕೆ ಕೆಟ್ಟರೆ ಎಣ್ಣೆ ಹೊರಬರುವುದಕ್ಕಿಂತ ಗಾಳಿ ಒಳಹೋಗುವುದೇ ದೊಡ್ಡ ಅಪಾಯ. ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ, ಇಂಜಿನು ಮಿತಿಮೀರಿ ಕಾಯುತ್ತದೆ, ಕೊನೆಗೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ.

ಮೂರನೆಯದು: ಬೋಲ್ಟು ಬಿಗಿದಾಗ ಒಳಕ್ಕೆ ಹಿಂಡಿದ ಸೀಲಂಟು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ಕೇಳದೆ ನಾವೇ ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ನಮ್ಮ ನಾಲ್ಕು ಸ್ಟ್ರೋಕಿನ ಗಾಡಿಯೊಂದನ್ನು ರಿಪೇರಿ ಮಾಡಿಸಿದಾಗ ಕೇಸಿಗೆ ಸಿಲಿಕೋನು ಧಾರಾಳವಾಗಿ ಹಚ್ಚಿದ್ದರು. ಹೊರಗೆ ಒಂದು ಹನಿ ಒಸರಲಿಲ್ಲ. ನಮಗೂ ಸಂತೋಷವಾಯಿತು. ಕೆಲವೇ ತಿಂಗಳಲ್ಲಿ ಇಂಜಿನಿನ ತಲೆಯಲ್ಲಿ ಸದ್ದು ಎದ್ದಿತು. ಬಿಚ್ಚಿ ನೋಡಿದರೆ ಒಳಗಿನ ಸಿಲಿಕೋನು ಎಳೆಗಳು ಕಳಚಿ ಎಣ್ಣೆ ಪಂಪಿನ ಜರಡಿಯನ್ನು ಮುಚ್ಚಿದ್ದವು. ಎಣ್ಣೆ ಮೇಲೇರದೆ ಕ್ಯಾಮ್ ಶಾಫ್ಟು ಸವೆದು ಹೋಗಿತ್ತು. ಹೊರಗೆ ಕಾಣುವ ಸೀಲಂಟನ್ನು ಒರೆಸಬಹುದು, ಒಳಗಿನದನ್ನು ಒರೆಸುವವರಿಲ್ಲ.

೩. ಪೇಟೆಯಲ್ಲಿ ಸಿಗುವ ಬಗೆಗಳು

(ಅ) ಶೆಲ್ಲಾಕು: ಇದು ಅರಗಿನಿಂದ ಮಾಡಿದ್ದು, ಹಳೆಯ ಮೇಸ್ತ್ರಿಗಳ ಮೆಚ್ಚಿನದು. ಒಣಗಿದ ಮೇಲೆ ಗಡುಸಾಗಿ ಬಿರಿಯುತ್ತದೆ, ಮುಂದಿನ ಸಲ ಬಿಚ್ಚುವುದು ಕಷ್ಟ. ಇನ್ನೊಂದು ದೋಷ ಈಚಿನದು. ಬಡಗಿಗಳು ಪಾಲಿಶಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ನಾವೆಲ್ಲ ನೋಡಿದ್ದೇವೆ. ಬಂಕಿನ ಪೆಟ್ರೋಲಿನಲ್ಲಿ ೨೦೨೫ರ ವೇಳೆಗೆ ಶೇಕಡ ೨೦ರಷ್ಟು ಎಥನಾಲು ಸೇರಿದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕಬ್ಬಿನಿಂದಲೂ ಇದು ತಯಾರಾಗುತ್ತದೆ. ಎಥನಾಲು ಎಂದರೆ ಅದೇ ಸ್ಪಿರಿಟ್ಟು. ಆದ್ದರಿಂದ ಎರಡು ಸ್ಟ್ರೋಕಿನ ಕ್ರ್ಯಾಂಕು ಗೂಡಿಗೆ ಶೆಲ್ಲಾಕು ಬೇಡ.

(ಆ) ಸಿಲಿಕೋನು: ಗಾಳಿಯ ತೇವ ಹೀರಿ ರಬ್ಬರಿನಂತಾಗುತ್ತದೆ. ಎಣ್ಣೆಯನ್ನೂ ಕಾವನ್ನೂ ತಡೆಯುತ್ತದೆ. ಆದರೆ ಪೆಟ್ರೋಲು ತಾಗಿದರೆ ಉಬ್ಬಿ ಮೆದುವಾಗುತ್ತದೆ. ಹೀಗಾಗಿ ಎರಡು ಸ್ಟ್ರೋಕಿನ ನಡುಗೂಡಿಕೆಗೆ ಸಲ್ಲದು. ವಿನೆಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನು ಒಣಗುವಾಗ ಆಮ್ಲ ಬಿಡುತ್ತದೆ. ಅದು ಲೋಹವನ್ನು ತಿನ್ನುವುದರಿಂದ ಇಂಜಿನಿಗೆ ಬಳಸಬಾರದು. ಹುಳಿ ವಾಸನೆಯಿಲ್ಲದ, ಇಂಜಿನಿಗೆಂದೇ ಮಾಡಿದ ಸಿಲಿಕೋನನ್ನು ನಾಲ್ಕು ಸ್ಟ್ರೋಕಿನಲ್ಲಿ, ಕೈಪಿಡಿ ಹೇಳಿದ ಕಡೆ, ತೆಳ್ಳಗೆ ಹಚ್ಚಬಹುದು.

(ಇ) ಅರೆ ಒಣಗುವ ದ್ರವ ಗ್ಯಾಸ್ಕೆಟ್ಟು: ತ್ರೀಬಾಂಡ್ ೧೧೮೪ ಈ ಜಾತಿಯದು. ಇದರಲ್ಲಿರುವ ದ್ರಾವಕ ಆರಿದ ಮೇಲೆ ಜಿಗುಟಾದ ತೆಳು ಪೊರೆ ಉಳಿಯುತ್ತದೆ. ಪೆಟ್ರೋಲನ್ನು ತಡೆಯುತ್ತದೆ. ಲೋಹಕ್ಕೆ ಲೋಹ ಕೂಡುವ ಎರಡು ಸ್ಟ್ರೋಕಿನ ಕೇಸಿಗೆ ನಮ್ಮ ಮೊದಲ ಆಯ್ಕೆ ಇದೇ.

(ಈ) ಗಟ್ಟಿಯಾಗದ ಸೀಲಂಟು: ನೀಲಿ ಬಣ್ಣದ ಹೈಲೋಮಾರ್ ಇದಕ್ಕೆ ಉದಾಹರಣೆ. ರೋಲ್ಸ್ ರಾಯ್ಸ್ ಕಂಪನಿ ಜೆಟ್ ಇಂಜಿನುಗಳಿಗಾಗಿ ರೂಪಿಸಿದ್ದು. ಎಂದೂ ಗಟ್ಟಿಯಾಗದ ಕಾರಣ ಕೇಸನ್ನು ಮತ್ತೆ ಸುಲಭವಾಗಿ ಬಿಡಿಸಬಹುದು. ಮುಖಗಳು ಚೆನ್ನಾಗಿ ಸಮವಾಗಿರಬೇಕು. ದೊಡ್ಡ ಗೀರನ್ನು ಇದು ತುಂಬದು.

(ಉ) ಗಾಳಿಯಿಲ್ಲದೆ ಗಟ್ಟಿಯಾಗುವ ಸೀಲಂಟು: ಲಾಕ್‌ಟೈಟ್ ೫೧೮ ಮುಂತಾದವು. ಎರಡು ಲೋಹಗಳ ನಡುವೆ ಗಾಳಿ ತಪ್ಪಿದಾಗ ಮಾತ್ರ ಗಟ್ಟಿಯಾಗುತ್ತದೆ. ಸುಮಾರು ೦.೨೫ ಮಿಲಿಮೀಟರಿನ ವರೆಗಿನ ಸಂದನ್ನು ತುಂಬುತ್ತದೆ. ಒಳಕ್ಕೆ ಹಿಂಡಿದ್ದು ಗಟ್ಟಿಯಾಗದೆ ದ್ರವವಾಗಿಯೇ ಉಳಿದು ಎಣ್ಣೆಯಲ್ಲಿ ಬೆರೆತು ಹೋಗುತ್ತದೆ, ಜರಡಿ ಕಟ್ಟುವುದಿಲ್ಲ. ಎಣ್ಣೆ ದಾರಿ ಹತ್ತಿರವಿರುವ ನಾಲ್ಕು ಸ್ಟ್ರೋಕಿನ ಕೇಸಿಗೆ ಇದು ಬಹಳ ಒಳ್ಳೆಯದು. ಕಾಗದದ ಗ್ಯಾಸ್ಕೆಟ್ಟಿನೊಂದಿಗೆ ಮಾತ್ರ ಬಳಸಬಾರದು.

ಕಾಗದದ ಗ್ಯಾಸ್ಕೆಟ್ಟು ಇರುವಲ್ಲಿ ಹೊಸ ಗ್ಯಾಸ್ಕೆಟ್ಟೇ ಸಾಕು. ಬೇಕಾದರೆ ತೆಳುವಾಗಿ ಗ್ರೀಸು ಸವರಬಹುದು, ಮುಂದೆ ಬಿಚ್ಚುವಾಗ ಹರಿಯುವುದಿಲ್ಲ.

೪. ಊರಿನ ಹವೆ

ವಿಜಯಪುರದ ಏಪ್ರಿಲ್ ಮೇ ತಿಂಗಳ ಒಣ ಗಾಳಿಯಲ್ಲಿ ಸಿಲಿಕೋನು ನಿಧಾನವಾಗಿ ಗಟ್ಟಿಯಾಗುತ್ತದೆ, ಏಕೆಂದರೆ ಅದಕ್ಕೆ ಬೇಕಾದ ತೇವ ಅಲ್ಲಿಲ್ಲ. ನಮ್ಮ ಜೂನ್ ತಿಂಗಳಲ್ಲಿ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಮೇಲೆ ಚರ್ಮ ಕಟ್ಟುತ್ತದೆ. ಚರ್ಮ ಕಟ್ಟಿದ ಮೇಲೆ ಕೇಸು ಮುಚ್ಚಿದರೆ ಕೂಡಿಕೆ ಸರಿಯಾಗದು. ದ್ರಾವಕ ಆರುವ ಬಗೆಯದಕ್ಕೆ ಇದು ತಿರುಗುಮುರುಗು: ಅದು ಆ ಸೀಮೆಯ ಬಿಸಿಲಿನಲ್ಲಿ ಬೇಗ, ನಮ್ಮ ಚಳಿ ಮಳೆಯಲ್ಲಿ ತಡ. ಟ್ಯೂಬಿನ ಮೇಲಿನ ಸಮಯವನ್ನು ಓದಿ, ನಿಮ್ಮ ಊರಿನ ಹವೆ ನೋಡಿ ಹೊಂದಿಸಿಕೊಳ್ಳಬೇಕು.

೫. ಹಚ್ಚುವ ಕ್ರಮ

ಹೋಳುಗಳ ನಡುವೆ ಸ್ಕ್ರೂಡ್ರೈವರು ತೂರಿಸಿ ಎಂದೂ ಮೀಟಬೇಡಿ. ಆ ಒಂದು ಗಾಯವನ್ನು ಯಾವ ಟ್ಯೂಬೂ ಮುಚ್ಚಲಾರದು. ಹಳೆಯ ಸೀಲಂಟನ್ನು ಥಿನ್ನರಿನಿಂದ ನೆನೆಸಿ ಬಿದಿರಿನ ಚಕ್ಕೆಯಿಂದ ಹೆರೆದು ತೆಗೆಯಿರಿ. ಬೋಲ್ಟು ತೂತುಗಳನ್ನೂ ಎಣ್ಣೆ ದಾರಿಗಳನ್ನೂ ಗಾಳಿ ಊದಿ ಶುಚಿ ಮಾಡಿ. ಮುಖಗಳ ಮೇಲೆ ಬೆರಳಿನ ಜಿಡ್ಡೂ ಇರಕೂಡದು.

ಸೀಲಂಟನ್ನು ಒಂದು ಮುಖಕ್ಕೆ ಮಾತ್ರ, ಬಣ್ಣ ಬಳಿದಷ್ಟು ತೆಳುವಾಗಿ ಹಚ್ಚಿ. ಬೋಲ್ಟು ತೂತುಗಳ ಸುತ್ತ ಬಿಟ್ಟುಹೋಗಬಾರದು. ಎಣ್ಣೆ ದಾರಿಯ ಬಾಯಿಂದ ಎರಡು ಮೂರು ಮಿಲಿಮೀಟರು ದೂರವಿರಿ. ಡೋವೆಲ್ ಪಿನ್ನುಗಳು ತಮ್ಮ ಜಾಗದಲ್ಲಿವೆಯೇ ನೋಡಿ, ಹೋಳುಗಳನ್ನು ಕೈಯಿಂದಲೇ ಕೂಡಿಸಿ. ಕೂಡದಿದ್ದರೆ ಒಳಗೆ ಏನೋ ಅಡ್ಡವಿದೆ. ಬೋಲ್ಟಿನಿಂದ ಎಳೆದು ಕೂಡಿಸಬಾರದು. ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ೬ ಮಿಲಿಮೀಟರಿನ ಬೋಲ್ಟಿಗೆ ಸಾಮಾನ್ಯವಾಗಿ ೧ ಕೆ.ಜಿ. ಮೀಟರು ಬಿಗಿತ ಸಾಕು. ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿ. ಒಂದು ರಾತ್ರಿ ಬಿಟ್ಟು ಎಣ್ಣೆ ಹಾಕಿ.

೬. ಪರೀಕ್ಷೆ

ಎರಡು ಸ್ಟ್ರೋಕಿನ ಇಂಜಿನನ್ನು ಪೂರ್ತಿ ಜೋಡಿಸಿದ ಮೇಲೆ ಕಾರ್ಬುರೇಟರಿನ ಮತ್ತು ಸೈಲೆನ್ಸರಿನ ಬಾಯಿ ಮುಚ್ಚಿ ೦.೪ ಕೆ.ಜಿ.ಯಷ್ಟು ಮಾತ್ರ ಗಾಳಿ ತುಂಬಿಸಿ, ಕೂಡಿಕೆಗೆ ಸಾಬೂನು ನೀರು ಹಚ್ಚಿಸಿ ನೋಡಬಹುದು. ಗುಳ್ಳೆ ಬಂದಲ್ಲಿ ಸೋರಿಕೆ ಇದೆ. ಅದಕ್ಕಿಂತ ಹೆಚ್ಚು ಒತ್ತಿದರೆ ಎಣ್ಣೆ ಸೀಲುಗಳು ಜಾಗ ಬಿಡುತ್ತವೆ. ಮಾಪಕವಿರುವ ಮೇಸ್ತ್ರಿಯ ಬಳಿಯೇ ಇದನ್ನು ಮಾಡಿಸಿರಿ.

ನಾಲ್ಕು ಸ್ಟ್ರೋಕಿನ ಗಾಡಿಗೆ ಇನ್ನೂ ಸುಲಭದ ದಾರಿಯಿದೆ. ಇಂಜಿನನ್ನು ತೊಳೆದು ಒಣಗಿಸಿ, ಕೂಡಿಕೆಯ ಗೆರೆಗೆ ಮಕ್ಕಳಿಗೆ ಹಚ್ಚುವ ಟಾಲ್ಕಂ ಪೌಡರು ಉದುರಿಸಿ, ಹತ್ತು ಹದಿನೈದು ಕಿಲೋಮೀಟರು ಓಡಿಸಿ ಬನ್ನಿ. ಒಸರುವಲ್ಲಿ ಪೌಡರು ನೆನೆದು ಕಪ್ಪಾಗುತ್ತದೆ. ವಿಜಯಪುರದಲ್ಲಿ ಧೂಳು ಬಿಟ್ಟಿಯಾಗಿ ಹೇಳುವ ಸಾಕ್ಷಿಯನ್ನು ನಾವು ಹೀಗೆ ಹೇಳಿಸಿಕೊಳ್ಳಬೇಕು.

ಮಳೆ ಹಿಡಿಯುವ ಮೊದಲೇ ಈ ಪರೀಕ್ಷೆ ಮುಗಿಸಿರಿ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಸಿಗುವ ಬಿಡುವು ಮೂರೋ ನಾಲ್ಕೋ ದಿನ. ಆಗ ಸ್ಪ್ರೇಯರಿನ ಪಿಸ್ಟನ್ನು ಕಚ್ಚಿಕೊಂಡರೆ ನಷ್ಟ ಪಿಸ್ಟನ್ನಿನದಷ್ಟೇ ಅಲ್ಲ, ಕೊಳೆರೋಗಕ್ಕೆ ಬಿಟ್ಟುಕೊಟ್ಟ ಗೊನೆಗಳದ್ದೂ ಹೌದು. ಅಂಗಡಿಗೆ ಹೋದಾಗ “ಒಂದು ಟ್ಯೂಬು” ಎನ್ನಬೇಡಿ. ಎರಡು ಸ್ಟ್ರೋಕೋ ನಾಲ್ಕು ಸ್ಟ್ರೋಕೋ, ಗ್ಯಾಸ್ಕೆಟ್ಟು ಇದೆಯೋ ಇಲ್ಲವೋ ಹೇಳಿ, ಹೆಸರು ಹಿಡಿದು ಕೇಳಿರಿ.