ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದ: ಲಕ್ಷ್ಮಣ ಸವದಿ ಅವರ ನಿಲುವು ಮತ್ತು ಚಿಕ್ಕೋಡಿ ಭಾಗ

ವ್ಯಕ್ತಿ: ಲಕ್ಷ್ಮಣ ಸವದಿ, ಅಥಣಿ. ಬಿಜೆಪಿ ಸರ್ಕಾರದಲ್ಲಿ ಉಪಮುಖ್ಯಮಂತ್ರಿ (2019–21), ಸಾರಿಗೆ ಸಚಿವ. 2023ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಸೇರಿ, ಮೇ ತಿಂಗಳ ಚುನಾವಣೆಯಲ್ಲಿ ಅಥಣಿಯಿಂದಲೇ ಗೆಲುವು.

ಹೇಳಿಕೆ: 2021ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಉದ್ಧವ್ ಠಾಕ್ರೆ, ವಿವಾದಿತ ಗಡಿ ಪ್ರದೇಶವನ್ನು ಸುಪ್ರೀಂ ಕೋರ್ಟ್ ತೀರ್ಪು ಬರುವವರೆಗೆ ಕೇಂದ್ರಾಡಳಿತ ಪ್ರದೇಶ ಮಾಡಬೇಕೆಂದರು. ಮುಂಬೈಯನ್ನೇ ಕರ್ನಾಟಕಕ್ಕೆ ಸೇರಿಸಬೇಕು, ಅಲ್ಲಿಯವರೆಗೆ ಅದನ್ನು ಕೇಂದ್ರಾಡಳಿತ ಪ್ರದೇಶ ಮಾಡಬೇಕು ಎಂದು ಸವದಿ ತಿರುಗೇಟು ನೀಡಿದರು.

ಹಿನ್ನೆಲೆ:
• ಈ ಗಡಿ ವಿವಾದ ಕುರಿತ ಮಹಾಜನ ಆಯೋಗ: ರಚನೆ 1966, ವರದಿ 1967.
• ಶಿಫಾರಸು: ಬೆಳಗಾವಿ ನಗರ ಕರ್ನಾಟಕಕ್ಕೆ, ನಿಪ್ಪಾಣಿ, ಖಾನಾಪುರ, ನಂದಗಡ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕರ್ನಾಟಕಕ್ಕೆ.
• ವರದಿ ಜಾರಿಯಾಗಿಲ್ಲ. ನಿಪ್ಪಾಣಿ ಕರ್ನಾಟಕದಲ್ಲೇ ಇದೆ.
• 2004: ಮಹಾರಾಷ್ಟ್ರದಿಂದ ಸುಪ್ರೀಂ ಕೋರ್ಟ್‌ನಲ್ಲಿ ದಾವೆ (ಸಂವಿಧಾನದ 131ನೇ ವಿಧಿ).
• 2021ರ ನವೆಂಬರ್: ಬೆಳಗಾವಿ ಸೇರಿದ ‘ಮುಂಬೈ ಕರ್ನಾಟಕ’ ಪ್ರದೇಶಕ್ಕೆ ‘ಕಿತ್ತೂರು ಕರ್ನಾಟಕ’ ಎಂದು ಮರುನಾಮಕರಣ.

ಸವದಿ ಅವರ ಅಥಣಿ ಮತ್ತು ವಿವಾದಿತ ನಿಪ್ಪಾಣಿ ಎರಡೂ ಸೇರಿರುವ ಚಿಕ್ಕೋಡಿ ಲೋಕಸಭಾ ಕ್ಷೇತ್ರದ 8 ವಿಧಾನಸಭಾ ಕ್ಷೇತ್ರಗಳು: ನಿಪ್ಪಾಣಿ, ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ, ಕುಡಚಿ, ರಾಯಬಾಗ, ಹುಕ್ಕೇರಿ, ಯಮಕನಮರಡಿ.

ನೆನಪಿಡಿ: ರಾಜ್ಯಗಳ ಗಡಿ ಬದಲಿಸುವ ಅಧಿಕಾರ 3ನೇ ವಿಧಿಯಂತೆ ಸಂಸತ್ತಿಗೆ ಮಾತ್ರ ಇದೆ. 3 ಮತ್ತು 131ನೇ ವಿಧಿಗಳನ್ನು ಜೊತೆಯಾಗಿ ಓದಿಕೊಳ್ಳಿ.