ಬಿಂದು ಎಳೆಯುವ ಮುನ್ನ ಊಹೆ ಬರೆಸಿ

ಪ್ರಶ್ನೆ: ಮಿರಜದ ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಜಿಯೋಜೀಬ್ರಾ ತೋರಿಸಿದರೆ ಮಕ್ಕಳಿಗೆ ಖುಷಿ, ಸಾಧನೆ ಬರೆಯಲು ಮಾತ್ರ ಒಲ್ಲೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ರೂಪಿಸತೊಡಗಿದ ಈ ತಂತ್ರಾಂಶದ ಬಲವೆಲ್ಲ ಬಿಂದುವನ್ನು ಎಳೆದಾಡುವುದರಲ್ಲಿದೆ. ಎಳೆಯುವ ಮೊದಲು ಊಹೆ ಬರೆಸುವ ಶಿಕ್ಷಕರಿಗೆ ಈ ತೊಂದರೆ ಕಡಿಮೆ.

ತ್ರಿಭುಜದ ಪರಿಕೇಂದ್ರವನ್ನೇ ನೋಡಿದರಾಯಿತು. ಶೃಂಗ ಸರಿದಂತೆ ಅದು ಒಳಗಿನಿಂದ ಹೊರಟು, ಲಂಬಕೋನವಾದ ಕ್ಷಣ ವಿಕರ್ಣದ ಮಧ್ಯಕ್ಕೆ ಬಂದು, ವಿಶಾಲಕೋನವಾದೊಡನೆ ಹೊರಗೆ ದಾಟುತ್ತದೆ. 'ಯಾಕೆ ಹಿಂಗ?' ಎಂದು ಆಗ ಮಕ್ಕಳೇ ಕೇಳುತ್ತಾರೆ. ಸಾಧನೆ ಅಲ್ಲಿಂದ ಶುರುವಾಗಲಿ.

ಸಿತಾರ್ ತಯಾರಿಕೆಗೆ ಹೆಸರಾದ ಮಿರಜದಲ್ಲಿ ಉದಾಹರಣೆಗೆ ಬರವಿಲ್ಲ. ತಂತಿಯನ್ನೇ ರೇಖಾಖಂಡ ಮಾಡಬಹುದು: ಸರಿ ಅರ್ಧ ಉದ್ದ ಮಿಡಿದರೆ ತಾರ ಷಡ್ಜ, ಮೂರರಲ್ಲಿ ಎರಡು ಭಾಗ ಮಿಡಿದರೆ ಪಂಚಮ. ಆ ಬಿಂದುಗಳನ್ನು ಥೇಲ್ಸ್ ಪ್ರಮೇಯದ ಆಧಾರದಿಂದ ಮೊದಲು ಕೈವಾರ ಹಿಡಿದು ಕಾಗದದ ಮೇಲೆ, ಆಮೇಲೆ ಪರದೆಯ ಮೇಲೆ ಗುರುತಿಸಲಿ.

ಪ್ರೊಜೆಕ್ಟರ್ ಒಂದೇ ಇದ್ದರೂ ಮೌಸ್ ಮಕ್ಕಳ ಕೈಗೆ ಹೋಗಬೇಕು. ಕನ್ನಡದ ಪಾಠಸಾಮಗ್ರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣದಲ್ಲಿ ಸಿಗುತ್ತದೆ. ತಂತ್ರಾಂಶವನ್ನು ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದ ದಿನವೂ ಪಾಠ ನಿಲ್ಲುವುದಿಲ್ಲ.