ಅನೇಕ ಕೈಗಳ ವಿಶ್ವಕೋಶ

ವಿಶ್ವಕೋಶವೆಂದರೆ ವಿದ್ವಾಂಸರ ಮಂಡಲಿಯೊಂದು ಹಲವು ವರ್ಷ ದುಡಿದು ಸಂಪುಟಗಳಾಗಿ ಹೊರತರುವ ಗ್ರಂಥವೆಂಬುದು ನಮ್ಮ ರೂಢಿಯ ಭಾವನೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಅಂಥದು. ಓದುಗರೇ ಬರೆದು ಓದುಗರೇ ತಿದ್ದುವ ವಿಶ್ವಕೋಶವೂ ಉಂಟು, ಅದೇ ವಿಕಿಪೀಡಿಯ. ಅದರ ಕ್ರಮವನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಇಂಥ ತಾಣವನ್ನು ಮೊದಲು ರಚಿಸಿದವರು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್, ಕಾಲ 1995. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. 2001ರಲ್ಲಿ ಇಂಗ್ಲಿಷ್ ವಿಕಿಪೀಡಿಯವೂ 2003ರಲ್ಲಿ ಕನ್ನಡದ್ದೂ ಆರಂಭವಾದುವು.

ಯಾರು ಬೇಕಾದರೂ ತಿದ್ದಬಹುದಾದರೆ ಅದನ್ನು ನಂಬುವುದೆಂತು? ಇದು ನ್ಯಾಯವಾದ ಪ್ರಶ್ನೆ. ನಮ್ಮ ಹರಿಹರೇಶ್ವರ ದೇವಾಲಯವನ್ನೇ ತೆಗೆದುಕೊಳ್ಳೋಣ. ಅದನ್ನು 13ನೆಯ ಶತಮಾನದಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ವಿಜಯನಗರದ ಹರಿಹರರಾಯನ ಹೆಸರಿಗೆ ಮರುಳಾಗಿ ಒಬ್ಬರು ಅದನ್ನು ಅವನದೆಂದು ಬದಲಿಸಿದರೆನ್ನಿ. ಹಳೆಯ ಪಾಠ ಅಳಿಯುವುದಿಲ್ಲ. ಪುಟದ ‘ಇತಿಹಾಸ’ದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನ, ಗಳಿಗೆ ಸಹಿತ ಉಳಿದಿರುತ್ತದೆ. ಬಲ್ಲವರು ಹಿಂದಿನ ಪಾಠವನ್ನು ಮರಳಿ ತರಬಹುದು. ವಾದ ಬೆಳೆದರೆ ‘ಚರ್ಚೆ’ ಎಂಬ ಬೇರೆ ಪುಟವಿದೆ. ಅಲ್ಲಿ ಪದವಿಗೆ ಬೆಲೆಯಿಲ್ಲ, ಪ್ರಕಟವಾದ ಆಧಾರಕ್ಕೆ ಬೆಲೆ.

ಆಧಾರವನ್ನೂ ತೂಗಿ ನೋಡಬೇಕು. ಹಳೆಯ ಪುಸ್ತಕಗಳಲ್ಲಿ ದಾವಣಗೆರೆ, ಹರಿಹರಗಳು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳು. ಅಂದು ಅದು ನಿಜ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದ ಮೇಲೆ ಅಚ್ಚಾದ ಪುಸ್ತಕ ತನ್ನನ್ನು ತಾನು ತಿದ್ದಿಕೊಳ್ಳಲಾರದು. ವಿಕಿಯ ಪುಟವನ್ನು ಒಂದು ನಿಮಿಷದಲ್ಲಿ ತಿದ್ದಬಹುದು.

ಈ ಕ್ರಮಕ್ಕೆ ಕೊರತೆಯೂ ಇದೆ. ಅಚ್ಚಾಗದ ಅರಿವಿಗೆ ಇಲ್ಲಿ ಎಡೆಯಿಲ್ಲ. ಹತ್ತಿಯ ಗಿರಣಿಯಲ್ಲಿ ದುಡಿದ ಹಿರಿಯರ ನೆನಪು ಎಷ್ಟೇ ಸತ್ಯವಾಗಿದ್ದರೂ, ಯಾರಾದರೂ ಅದನ್ನು ಬರೆದು ಪ್ರಕಟಿಸುವವರೆಗೆ ಆಧಾರವೆನಿಸದು. ಇನ್ನೊಂದು ಕೊರತೆ ನಮ್ಮದೇ. ಇಂಗ್ಲಿಷಿನಲ್ಲಿ ತಪ್ಪನ್ನು ಕಾಯುವ ಕಣ್ಣುಗಳು ಸಾವಿರಾರು. ಕನ್ನಡದಲ್ಲಿ ಬಹಳ ಕಡಿಮೆ. ಆದುದರಿಂದ ಕನ್ನಡದ ಪುಟದಲ್ಲಿ ಹೊಕ್ಕ ತಪ್ಪು ಬಹುಕಾಲ ನಿಲ್ಲಬಹುದು. ನಾವು ಅದನ್ನೇ ಪ್ರಬಂಧಕ್ಕೆ ನಕಲು ಮಾಡುತ್ತೇವೆ, ಆ ಪ್ರಬಂಧ ಅಚ್ಚಾದರೆ ತಪ್ಪಿಗೇ ಆಧಾರ ಹುಟ್ಟುತ್ತದೆ!

ಇದನ್ನು ತಡೆಯಲು ಪಾಂಡಿತ್ಯವೇ ಬೇಕೆಂದಿಲ್ಲ. ನಮ್ಮ ಊರಿನ ಒಂದು ಪುಟವನ್ನು ತೆರೆದು, ಗ್ರಂಥಾಲಯದ ಒಂದು ಪುಸ್ತಕದೊಡನೆ ಹೋಲಿಸಿ, ಒಂದು ಸಾಲನ್ನು ಆಧಾರಸಹಿತ ತಿದ್ದಿದರೆ ಸಾಕು. ನೂರು ಮಂದಿ ಹೀಗೆ ಮಾಡಿದರೆ ನೂರು ಸಾಲು ಶುದ್ಧವಾಗುತ್ತವೆ. ಓದುವ ಹಕ್ಕಿನ ಜೊತೆಗೆ ತಿದ್ದುವ ಹೊಣೆಯೂ ನಮಗಿದೆಯೆಂದು ನನ್ನ ನಂಬಿಕೆ.